ಬಿ.ಇ.ಯೋ, ಬಿ.ಕಾಂ.ಓ: ಮಗಳಿಗೊಂದು ಪತ್ರ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಐಟಿ ಕೆಲಸಕ್ಕೆ ಹೋಗಲು ಬಿ.ಇ.ಯೇ ಆಗಬೇಕಾ, ಬಿ.ಕಾಂ. ಅಥವಾ ಬಿಬಿಎ ಮಾಡಿದರೆ ಸಾಲದಾ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ಹಾಸ್ಟೆಲಿನಲ್ಲಿ ಪುರುಸೊತ್ತಾದಾಗ ಕೂತು ಓದು.

ಡಿಗ್ರಿ ಹೆಸರು ಪಕ್ಕಕ್ಕಿಟ್ಟು ಮೊದಲು ಕೆಲಸ ನೋಡು. ಅಡಿಕೆ ಮಂಡಿಗೊಂದು ಸಾಫ್ಟ್‌ವೇರ್ ಬೇಕು ಅಂದುಕೋ. ರೈತ ಮೂಟೆ ತಂದು ಹಾಕುತ್ತಾನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ಲಾಟು. ದರ ಏರಲಿ ಅಂತ ತಿಂಗಳುಗಟ್ಟಲೆ ಅಲ್ಲೇ ಬಿಡುತ್ತಾನೆ, ಅದರ ಮೇಲೆ ಮುಂಗಡ ಎತ್ತುತ್ತಾನೆ. ಹಾಗಾದರೆ ಗೋದಾಮಿನಲ್ಲಿರುವ ಅಡಿಕೆ ಯಾರದ್ದು? ಮಾರಾಟವಾಗುವ ತನಕ ರೈತನದ್ದೇ. ಮಂಡಿಯ ಸ್ವಂತ ದಾಸ್ತಾನಿಗೆ ಅದನ್ನು ಸೇರಿಸಿದರೆ ಬ್ಯಾಲೆನ್ಸ್ ಶೀಟೇ ಸುಳ್ಳಾಗುತ್ತದೆ. ಮುಂಗಡದ ಬಡ್ಡಿ ಟೆಂಡರ್ ಆದ ದಿನಕ್ಕೆ ನಿಲ್ಲಬೇಕೋ, ಹಣ ಬಂದ ದಿನಕ್ಕೋ? ಅರ್ಧ ಲಾಟು ಮಾತ್ರ ಮಾರಿದರೆ ಎಷ್ಟು ಮುರಿದುಕೊಳ್ಳಬೇಕು? ಇದನ್ನೆಲ್ಲ ಕೇಳಿ, ಬರೆದು, ಮಂಡಿಯವರಿಂದ ಒಪ್ಪಿಗೆ ಪಡೆಯುವವರು ಬಿಸಿನೆಸ್ ಅನಲಿಸ್ಟ್. ಸ್ಯಾಪ್‌ನಂಥ, ಕಂಪನಿಯ ಲೆಕ್ಕ-ದಾಸ್ತಾನು ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್ ಕೂರಿಸುವ ಕಡೆ ಅವರನ್ನೇ ಫಂಕ್ಷನಲ್ ಕನ್ಸಲ್ಟೆಂಟ್ ಅನ್ನುತ್ತಾರೆ. ಅಕೌಂಟೆನ್ಸಿ ತಿಳಿಯದವರಿಗೆ ಈ ಪ್ರಶ್ನೆಗಳು ಹೊಳೆಯುವುದೇ ಕಷ್ಟ.

ಈಗ ಇನ್ನೊಂದು ಮಗ್ಗುಲು. ಮಾರಾಟ ದಾಖಲಾಯಿತು, ಮುಂಗಡ ಕಡಿತವಾಗುವ ಮೊದಲೇ ಕರೆಂಟು ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಇದೇನು ಅಪರೂಪವೇ? ಲೆಕ್ಕದಲ್ಲಿ ರೈತನಿಗೆ ಪೂರ್ತಿ ಹಣ ಹೋಗುತ್ತದೆ, ಸಾಲ ಹಾಗೇ ಉಳಿಯುತ್ತದೆ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ಕಟ್ಟಿದ್ದರೆ ಆಗುವುದಾದರೆ ಎರಡೂ ಆಗುತ್ತದೆ, ಇಲ್ಲವಾದರೆ ಎರಡೂ ಇಲ್ಲ. ದುಡ್ಡನ್ನು ಫ್ಲೋಟ್‌ನಲ್ಲಿ, ಅಂದರೆ ಕಂಪ್ಯೂಟರಿನ ದಶಮಾಂಶ ಸಂಖ್ಯೆಯಾಗಿ, ಇಟ್ಟರೆ ಮತ್ತೊಂದು ತೊಂದರೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿ ನೋಡು, 0.30000000000000004 ಬರುತ್ತದೆ, 0.1 ಅನ್ನುವುದು ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕದಲ್ಲಿ ಕೊನೆಯಿಲ್ಲದ ಸಂಖ್ಯೆ. ಅದಕ್ಕೇ ರೂಪಾಯಿಯನ್ನು ಪೈಸೆ ಮಾಡಿ ಪೂರ್ಣಾಂಕವಾಗಿ ಇಡುವುದು. ಇಬ್ಬರು ಗುಮಾಸ್ತರು ಒಂದೇ ಲಾಟನ್ನು ಒಟ್ಟಿಗೆ ತಿದ್ದಿದರೆ ಏನು ಗತಿ ಅನ್ನುವುದೂ ಇಲ್ಲಿಯ ಯೋಚನೆಯೇ.

ಈ ಎರಡನೆಯ, ಅಂದರೆ ಪ್ರೋಗ್ರಾಂ ಬರೆಯುವ ಕೆಲಸ ಬೇಕಿದ್ದರೆ ಬಿ.ಇ. ಕಂಪ್ಯೂಟರ್ ಸೈನ್ಸ್ ಅಥವಾ ಇನ್ಫರ್ಮೇಷನ್ ಸೈನ್ಸ್ ತೆಗೆದುಕೋ. ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ) ಎರಡರ ಮುಖ್ಯ ಪಾಠಗಳು ಬಹುತೇಕ ಒಂದೇ, ಹೆಸರು ನೋಡಿ ತಲೆ ಕೆಡಿಸಿಕೊಳ್ಳಬೇಡ. ಅದಕ್ಕೆ 4 ವರ್ಷ. ಬಿಸಿಎ 3, ಅದರ ಮೇಲೆ ಎಂಸಿಎ 2, ಒಟ್ಟು 5 ವರ್ಷದಲ್ಲೂ ಅಲ್ಲಿಗೇ ತಲುಪಬಹುದು. ಬಿಸಿಎಗೇ ನಿಲ್ಲಿಸಿದರೂ ಕೆಲಸ ಸಿಗುತ್ತದೆ, ಆದರೆ ಹಲವು ದೊಡ್ಡ ಕಂಪನಿಗಳು ಬಿ.ಇ.ಯವರನ್ನೂ ಬಿಸಿಎಯವರನ್ನೂ ಬೇರೆ ಬೇರೆ ಬಾಗಿಲಿನಿಂದ, ಬೇರೆ ಬೇರೆ ಸಂಬಳಕ್ಕೆ ತೆಗೆದುಕೊಳ್ಳುತ್ತವೆ.

ಮೊದಲನೆಯದು, ಅನಲಿಸ್ಟ್ ಕೆಲಸ, ಹಿಡಿಸಿದರೆ ಬಿಬಿಎಗಿಂತ ಬಿ.ಕಾಂ. ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಿಬಿಎ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಟ್ಟಿಸುತ್ತದೆ, ಬಿ.ಕಾಂ.ನಲ್ಲಿ ಲೆಕ್ಕ, ತೆರಿಗೆ, ಆಡಿಟ್ ಕೈಗೆ ಹತ್ತುತ್ತದೆ, ಐಟಿಯಲ್ಲಿ ಅದಕ್ಕೆ ಬೆಲೆ ಇದೆ. ಜೊತೆಗೆ ಡೇಟಾಬೇಸಿನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಕಲಿಯಲೇಬೇಕು. ನಾಲ್ಕು ಟೇಬಲ್ ಜೋಡಿಸಿ ಉತ್ತರ ತೆಗೆಯಲು ಬರದ ಅನಲಿಸ್ಟ್ ಪ್ರತಿ ಅಂಕಿಗೂ ಇನ್ನೊಬ್ಬರ ಬಾಯಿ ನೋಡುತ್ತಾ ಕೂರಬೇಕಾಗುತ್ತದೆ.

ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಹಾದಿ ಮಾತ್ರ ಸಮನಾಗಿಲ್ಲ, ನನಗೆ ಚಿಂತೆ ಇರುವುದು ಅಲ್ಲೇ. ಬಿ.ಇ. ಆದವಳು ಎಂಬಿಎಗೆ ಯಾವಾಗ ಬೇಕಾದರೂ ಹೋಗಬಹುದು. ಬಿ.ಕಾಂ. ಆದವಳು ಎಂಸಿಎಗೆ ಹೋಗಲು ಎಷ್ಟೋ ಕಡೆ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಓದಿರಬೇಕು, ಮೇಲೆ ಕೊರತೆ ತುಂಬುವ ಬ್ರಿಡ್ಜ್ ಕೋರ್ಸ್. ನಿನಗೆ ಪಿಯುಸಿಯಲ್ಲಿ ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್) ಇರುವುದರಿಂದ ಆ ದಾರಿ ತೆರೆದೇ ಇರುತ್ತದೆ. ಗಣಿತವಿಲ್ಲದ ಕಾಮರ್ಸ್ ಗೆಳತಿಯರಿಗೂ ಇದನ್ನು ಹೇಳು. ವಿದೇಶದ ಆಸೆಯಿದ್ದರೆ ಇನ್ನೊಂದು: ರಾಜ್ಯದಲ್ಲಿ 2024ರಿಂದ ಬಿ.ಕಾಂ.ನಂಥ ಡಿಗ್ರಿ ಮತ್ತೆ 3 ವರ್ಷದ್ದಾಗಿದೆ, ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಮಾಸ್ಟರ್ಸ್‌ಗೆ ಒಟ್ಟು 16 ವರ್ಷದ ಓದು ಕೇಳುತ್ತವೆ, ಪಿಯುಸಿ ತನಕದ 12ಕ್ಕೆ ಈ 3 ಸೇರಿದರೆ ಆಗುವುದು 15.

ಬಿ.ಇ.ಯಲ್ಲಿ ಹುಡುಗರು ಎಡವುವುದು ಹೆಚ್ಚಾಗಿ ಮೊದಲ ವರ್ಷದ ಗಣಿತದಲ್ಲಿ. ಅಲ್ಲಿ ಉಳಿದ ಬ್ಯಾಕ್‌ಲಾಗ್ (ಪಾಸಾಗದ ಪೇಪರ್) ಕ್ಯಾಂಪಸ್ ಸೆಲೆಕ್ಷನ್ ತನಕ ಬೆನ್ನು ಬಿಡುವುದಿಲ್ಲ. ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟ್ ಕೇಳುವ ಎಷ್ಟೋ ಕಂಪನಿಗಳು ಬಾಕಿ ಪೇಪರ್ ಇದ್ದವರನ್ನು ಪರೀಕ್ಷೆಗೇ ಕೂರಿಸುವುದಿಲ್ಲ.

ತೀರ್ಮಾನಕ್ಕೆ ಮುಂಚೆ ಎರಡು ವಾರ ಕೊಡು. ಮೊದಲ ವಾರ ನಾನು ಹೇಳಿದ ಮಂಡಿಗೆ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸಿನಲ್ಲಿ ರೈತ, ಲಾಟು, ಮುಂಗಡ, ಮಾರಾಟ ಅಂತ ನಾಲ್ಕು ಟೇಬಲ್ ಮಾಡಿ ಪೈಥಾನ್‌ನಿಂದ ಬಿಲ್ ಬರಿಸು. ಎರಡನೇ ವಾರ ಕಂಪ್ಯೂಟರ್ ಮುಚ್ಚಿಟ್ಟು, ಮೂಟೆ ಇಳಿದಲ್ಲಿಂದ ರೈತನ ಖಾತೆಗೆ ಹಣ ಬರುವ ತನಕದ ಹಂತಗಳನ್ನು ಹಾಳೆಯ ಮೇಲೆ ಬರೆ, ಪ್ರತಿ ಹಂತದಲ್ಲೂ ಏನೇನು ತಪ್ಪಬಹುದು ಅಂತ ಪಕ್ಕದಲ್ಲಿ ಬರೆ. ಯಾವುದು ಮಾಡುವಾಗ ಊಟದ ಗಂಟೆ ಕೇಳಿಸಲಿಲ್ಲವೋ ನನಗೆ ಹೇಳು.

ಯಾವುದಕ್ಕೂ ಸಿಇಟಿ ಬಿಡಬೇಡ. ರ‍್ಯಾಂಕಿಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ. ಕಾಲೇಜುಗಳನ್ನು ಸಾಲಾಗಿ ಬರೆದು ಕೊಡುವ ಆಪ್ಷನ್ ಎಂಟ್ರಿಯಲ್ಲಿ ಬೇಕಾದ ಕಾಲೇಜೇ ಮೇಲಿರಲಿ. ಹೆದರಿ ಸುಲಭವಾಗಿ ಸಿಗುವುದನ್ನು ಮೊದಲು ಹಾಕಿದರೆ ಅದೇ ಸಿಕ್ಕಿ, ಅದರ ಕೆಳಗಿನವು ಲೆಕ್ಕಕ್ಕೇ ಬರುವುದಿಲ್ಲ. ಒಂದರಿಂದ ಹತ್ತರವರೆಗೆ ನೀನು ಹಳ್ಳಿಯಲ್ಲೇ, ಕನ್ನಡ ಮಾಧ್ಯಮದಲ್ಲೇ ಓದಿದ್ದು. ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮದ್ದು 5. ಎರಡಕ್ಕೂ ಹೆಡ್‌ಮಾಸ್ಟರ್ ಸಹಿ, ಬಿಇಒ ಮೇಲುಸಹಿ ಬೇಕು. ನಿನ್ನ ಎರಡೂ ಶಾಲೆಯ ಪ್ರಮಾಣಪತ್ರ ಈ ವಾರವೇ ಮಾಡಿಸಿಡುತ್ತೇನೆ, ಹತ್ತನೆಯ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಎರಡು ಕಳಿಸು.

ಅಮ್ಮ