ಹಿನ್ನೀರೆಂದು ಸಸಾರ ಬೇಡ

ಮಾನ್ಯ ಸಂಪಾದಕರೇ,

2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಮಂದಿ ಜೀವ ಕಳೆದುಕೊಂಡ ಮೇಲೆ, ಸಮುದ್ರದ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದಿಷ್ಟು ಎಚ್ಚರ ಮೂಡಿದೆ. ಆದರೆ ಅಣೆಕಟ್ಟಿನ ಹಿನ್ನೀರಿನ ಬಗ್ಗೆ ಮಾತ್ರ ‘ನಿಂತ ನೀರು, ಅದರಲ್ಲೇನು ಭಯ’ ಎಂಬ ಸಸಾರ ಇನ್ನೂ ಹೋಗಿಲ್ಲ.

ಅಗಲವಾದ ನೀರಿನ ಮೇಲೆ ಗಾಳಿ ತಡೆಯಿಲ್ಲದೆ ಬೀಸಿದಷ್ಟೂ ತೆರೆ ಏಳುತ್ತದೆ. ಈ ತೆರೆಗಳು ಕಡಲಿನವುಗಳಿಗಿಂತ ಗಿಡ್ಡವಾದರೂ ಒತ್ತೊತ್ತಾಗಿ ಬರುವುದರಿಂದ, ಅಂಚು ತಗ್ಗಾಗಿರುವ ಸಣ್ಣ ದೋಣಿಯೊಳಗೆ ಬೇಗನೆ ನೀರು ನುಗ್ಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ನಂತರ ಗಾಳಿ ಬಲಿಯುವುದು ಸಾಮಾನ್ಯವಾದ್ದರಿಂದ ಬೆಳಗ್ಗೆಯೇ ಹೊರಟು ಬೇಗ ಮರಳುವುದು, ನಡುನೀರನ್ನು ಅಡ್ಡ ಹಾಯದೆ ದಡದ ಗುಂಟವೇ ಸಾಗುವುದು ಲೇಸು. ತೆರೆ ಎದ್ದರೆ ವೇಗ ತಗ್ಗಿಸಿ, ದೋಣಿಯ ಪಕ್ಕವನ್ನು ಅದಕ್ಕೆ ಒಡ್ಡದೆ ಮುಂಭಾಗವನ್ನು ತುಸು ಓರೆಯಾಗಿ ತಿರುಗಿಸಬೇಕು. ಯಾರೂ ಎದ್ದು ನಿಲ್ಲಬಾರದು, ಫೋಟೊಕ್ಕಾಗಿಯಂತೂ ಖಂಡಿತ ಕೂಡದು.

ಕಾಳಿ ನದಿಯ ಸೂಪಾ ಅಣೆಕಟ್ಟಿನ ಹಿನ್ನೀರಿನಂಥ ಕಡೆ ಇದಕ್ಕಿಂತ ಮೋಸದ ಸಂಗತಿಯೆಂದರೆ ಮುಳುಗಿದ ಕಾಡಿನ ಕೊರಡುಗಳು. ಮಳೆಗಾಲ ಮುಗಿದು ಜಲಾಶಯ ತುಂಬಿದ್ದಾಗ ಆಳದಲ್ಲಿರುವ ಕೊರಡು, ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಂತೆಲ್ಲ ಮೇಲ್ಮೈಗೆ ಸಮೀಪಿಸುತ್ತ ಬಂದು, ಮಾರ್ಚ್, ಏಪ್ರಿಲ್ ಹೊತ್ತಿಗೆ ಗೇಣುದ್ದದ ನೀರಿನಡಿ ಕಾಣದಂತೆ ನಿಂತಿರಬಹುದು. ಆದ್ದರಿಂದ ಕಳೆದ ಸಲ ಸುಸೂತ್ರವಾಗಿ ಹೋಗಿಬಂದ ದಾರಿ ಈ ಸಲವೂ ಸುರಕ್ಷಿತವೆಂದು ನಂಬುವಂತಿಲ್ಲ. ಬೋಳು ಟೊಂಗೆಗಳು ತಲೆ ಎತ್ತಿರುವ ಕಡೆ ಎಂಜಿನ್ ನಿಧಾನಗೊಳಿಸಿ, ಒಬ್ಬರು ಮುಂದೆ ಕುಳಿತು ನೀರನ್ನು ನೋಡುತ್ತಿರಬೇಕು. ಎಂಜಿನ್ ಇದ್ದರೂ ಹುಟ್ಟು ಮತ್ತು ನೀರು ಮೊಗೆಯುವ ಪಾತ್ರೆ ದೋಣಿಯಲ್ಲಿರಲೇಬೇಕು.

ಲೈಫ್ ಜಾಕೆಟ್ಟನ್ನು ಕೂರುವ ದಿಂಬು ಮಾಡಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಪಟ್ಟಿ ಬಿಗಿದು ಮೈಮೇಲೆ ತೊಡದಿದ್ದರೆ ಅದು ಇದ್ದೂ ಇಲ್ಲದಂತೆ. ದೋಣಿ ಮಗುಚಿದರೂ ಸಾಮಾನ್ಯವಾಗಿ ತೇಲುತ್ತಲೇ ಇರುವುದರಿಂದ, ದಡ ಹತ್ತಿರವೆಂದು ಈಜಲು ಹೊರಡದೆ ಅದನ್ನೇ ಹಿಡಿದುಕೊಂಡಿರಬೇಕು. ಮೊಬೈಲ್ ಸಿಗ್ನಲ್ ಸಿಗದ ತಾಣಗಳು ಇಲ್ಲಿ ಬಹಳ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂಬುದನ್ನು ದಡದಲ್ಲಿರುವವರಿಗೆ ಹೇಳಿಯೇ ಹೊರಡಬೇಕು.

ದೋಣಿ ವಿಹಾರಕ್ಕೆ ಅನುಮತಿ ಇರುವ ಕಡೆಗಳಲ್ಲಿ ಆ ದಿನದ ನೀರಿನ ಮಟ್ಟ ಮತ್ತು ಕೊರಡುಗಳಿರುವ ಜಾಗವನ್ನು ತೋರಿಸುವ ಫಲಕವನ್ನು ದೋಣಿ ಹತ್ತುವಲ್ಲೇ ಹಾಕಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೋರುತ್ತೇನೆ.

– ಓದುಗ, ಕಾರವಾರ