ಫಾರೆಸ್ಟ್ ಆಫ್ ರೀಡಿಂಗ್: ಶನಿವಾರ ಪುಸ್ತಕ ಅದಲುಬದಲು

ಎಲ್ಲರಿಗೂ ನಮಸ್ಕಾರ.

ಒಂಟಾರಿಯೊ ಲೈಬ್ರರಿ ಅಸೋಸಿಯೇಷನ್ ನಡೆಸುವ ಫಾರೆಸ್ಟ್ ಆಫ್ ರೀಡಿಂಗ್ (ಮಕ್ಕಳು ಓದಿ, ಮೆಚ್ಚಿದ ಪುಸ್ತಕಕ್ಕೆ ಮತ ಹಾಕುವ ಕಾರ್ಯಕ್ರಮ) ಮತದಾನ ಹತ್ತಿರ ಬಂತು. ಸಿಲ್ವರ್ ಬರ್ಚ್ (3ರಿಂದ 6ನೇ ತರಗತಿ), ರೆಡ್ ಮೇಪಲ್ (7–8) ಪಟ್ಟಿಗಳ ಪುಸ್ತಕ ಓದುತ್ತಿರುವ ಮಕ್ಕಳ ಪೋಷಕರು ದಯವಿಟ್ಟು ಗಮನಿಸಿ. ಪಟ್ಟಿಯ 10 ಪುಸ್ತಕಗಳಲ್ಲಿ ಕನಿಷ್ಠ 5 ಓದಿದವರಿಗೆ ಮಾತ್ರ ಮತ. ಎಲ್ಲವೂ ಕೆನಡಾದವರೇ ಬರೆದವು. ಎಲ್ಲ ಮಕ್ಕಳಿಗೂ ಇವೇ ಬೇಕು, ಹಾಗಾಗಿ ಲೈಬ್ರರಿಯಲ್ಲಿ ಒಂದೊಂದಕ್ಕೂ ಉದ್ದ ಸರದಿ.

ಈ ಶನಿವಾರ ಕನ್ನಡ ತರಗತಿ ಮುಗಿದ ಕೂಡಲೇ, 12 ಗಂಟೆಗೆ, ಅಲ್ಲೇ ಸೇರೋಣ. ಸ್ವಂತ ಪುಸ್ತಕ ಮಾತ್ರ ತನ್ನಿ. ಲೈಬ್ರರಿಯವು ಬೇಡ, ಕಳೆದರೆ ನಿಮ್ಮ ಕಾರ್ಡ್ ಮೇಲೆ ಬರುತ್ತದೆ. ಮುಖಪುಟದ ಒಳಗಡೆ ಪೆನ್ಸಿಲ್‌ನಲ್ಲಿ ಮಗುವಿನ ಹೆಸರು ಬರೆದಿರಲಿ. ಎರಡು ವಾರಕ್ಕೆ ವಾಪಸ್.

ಒಂದು ಕೋರಿಕೆ: ಪುಸ್ತಕವನ್ನು ಮಕ್ಕಳೇ ಆರಿಸಲಿ. ಮತ ಅವರದು. ಹಾಕಿ ಆಟದ ಕಥೆಯೋ ಗ್ರಾಫಿಕ್ ಕಾದಂಬರಿಯೋ, ನಾಲ್ಕು ಪುಟ ತಿರುವಿ ನೋಡಿ ತೆಗೆದುಕೊಳ್ಳಲಿ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದ ರೆಸಿಡೆನ್ಷಿಯಲ್ ಶಾಲೆಗಳ ಕಥೆ ಸಿಕ್ಕರೆ ಮಾತ್ರ ನೀವೂ ಪಕ್ಕದಲ್ಲಿ ಕೂತು ಓದಿ. ಮಕ್ಕಳು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಉತ್ತರ ಹೇಳಲು ದೊಡ್ಡವರು ಬೇಕು.

ತರುವ ಪುಸ್ತಕದ ಹೆಸರು, ಮಗುವಿನ ತರಗತಿ ಎರಡನ್ನೂ ಗುರುವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಮೇಜು ಜೋಡಿಸಲು ಇಬ್ಬರು ಬೇಕು, ಯಾರು ಬರುತ್ತೀರಿ?