ಜರಡಿ ಹಿಡಿದವರ ಕಥೆ ಬರೆ

ದಾವಣಗೆರೆ

ಚಿ. ಸಹನಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಮೂಲಕಣಗಳಿಗೆ ದ್ರವ್ಯರಾಶಿ ಹೇಗೆ ಬರುತ್ತದೆಂಬುದರ ಸುಳಿವು ಕೊಡುವ ಹಿಗ್ಸ್ ಕಣದ ಬಗ್ಗೆ ನೀನು ಬರೆದು ಕಳುಹಿಸಿದ ಲೇಖನವನ್ನು ಒಮ್ಮೆ ಭೌತಶಾಸ್ತ್ರದ ಮೇಷ್ಟರಾಗಿ ಓದಿದೆ, ಇನ್ನೊಮ್ಮೆ ನಿನ್ನ ದೊಡ್ಡಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಜಿನೀವಾದ ಬಳಿ ನೆಲದಡಿಯ 27 ಕಿಲೋಮೀಟರ್ ಸುರಂಗ, ಮೈನಸ್ 271 ಡಿಗ್ರಿಯ ಅಯಸ್ಕಾಂತಗಳು, ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಸುತ್ತು ಹಾಕುವ ಪ್ರೋಟಾನುಗಳು ಎಲ್ಲವೂ ಸರಿಯಾಗಿಯೇ ಇವೆ. ಆದರೆ ಕೇಳಿ ಮುಗಿಸಿದ ಅವಳು, "ದೊಡ್ಡ ಯಂತ್ರ ಕಟ್ಟಿದ್ರು ಅನ್ನೋದು ತಿಳೀತು, ಆ ಕಣ ಸಿಕ್ತು ಅಂತ ಅವರಿಗೆ ಹೆಂಗೆ ಗೊತ್ತಾತು?" ಎಂದಳು. ನಿನ್ನ ನಾಲ್ಕು ಪುಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹಿಗ್ಸ್ ಕಣವನ್ನು ಯಾರೂ ಕಂಡಿಲ್ಲ ಎಂಬಲ್ಲಿಂದ ನೀನು ಆರಂಭಿಸಬೇಕಿತ್ತು. ಪ್ರೋಟಾನುಗಳ ಡಿಕ್ಕಿಯಲ್ಲಿ ಹುಟ್ಟಿದ ಕ್ಷಣದಲ್ಲೇ ಅದು ಒಡೆಯುತ್ತದೆ. ಕೆಲವು ಸಲ ಎರಡು ಬೆಳಕಿನ ಕಣಗಳಾಗಿ ಒಡೆಯುತ್ತದೆ. ಅಂಥ ಜೋಡಿಗಳು ಹಿಗ್ಸ್ ಇಲ್ಲದೆಯೂ ಧಾರಾಳವಾಗಿ ಹುಟ್ಟುವುದರಿಂದ, ಒಂದು ಜೋಡಿಯನ್ನು ತೋರಿಸಿ ಇದೇ ಹಿಗ್ಸ್‌ನದು ಎನ್ನಲು ಬರುವುದಿಲ್ಲ. ಪ್ರತಿ ಜೋಡಿಯ ಶಕ್ತಿ ಮತ್ತು ಕೋನಗಳಿಂದ ಅದರ ಮೂಲದ ದ್ರವ್ಯರಾಶಿಯನ್ನು ಲೆಕ್ಕ ಹಾಕಿ, ಸಾವಿರಾರು ಲೆಕ್ಕಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿದಾಗ, ಸಮನಾಗಿ ಇಳಿಯುತ್ತ ಹೋಗುವ ಗೆರೆಯ ಮೇಲೆ ಸುಮಾರು 125 ಜಿಇವಿಯ (ಕಣಗಳ ದ್ರವ್ಯರಾಶಿಯನ್ನು ಹೇಳುವ ಅಳತೆ) ಹತ್ತಿರ ಒಂದು ಸಣ್ಣ ಉಬ್ಬು ಕಾಣಿಸಿತು. ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ತಂಡಗಳು ಬೇರೆ ಬೇರೆ ಉಪಕರಣಗಳಿಂದ ಆ ಉಬ್ಬನ್ನೂ ಇತರ ಕುರುಹುಗಳನ್ನೂ ಕಂಡದ್ದರಿಂದಲೇ 2012ರ ಜುಲೈ 4ರಂದು ಘೋಷಣೆ ಮಾಡುವ ಧೈರ್ಯ ಬಂತು. ಹಿಗ್ಸ್ ಇಲ್ಲದೇ ಇದ್ದರೆ ಇವೆಲ್ಲ ಸೇರಿ ಇಷ್ಟು ಬಲವಾದ ಕುರುಹು ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ ಒಂದು. ಈ ವಾಕ್ಯವನ್ನು ತಿರುಗಿಸಿ, ಹಿಗ್ಸ್ ಇಲ್ಲದಿರುವ ಸಾಧ್ಯತೆಯೇ ಅಷ್ಟು ಎಂದು ಬರೆದುಬಿಡಬೇಡ. ಪತ್ರಿಕೆಗಳು ಆಗ ಹಾಗೆ ಎಡವಿದ್ದವು.

ಹೋಲಿಕೆಗೆ ನೀನು ಎಲ್ಲೆಲ್ಲಿಗೋ ಹೋಗಿದ್ದೀಯೆ. ನಮ್ಮೂರಿನ ಮಂಡಕ್ಕಿ ಭಟ್ಟಿಯನ್ನು ನೀನು ಚಿಕ್ಕಂದಿನಲ್ಲಿ ನೋಡಿಲ್ಲವೇ? ಕಾದ ಮರಳಿನಲ್ಲಿ ಅಕ್ಕಿ ಅರಳಿದ ಕೂಡಲೇ ಜರಡಿಗೆ ಸುರಿದರೆ ಮರಳು ಕೆಳಗುದುರಿ ಮಂಡಕ್ಕಿ ಮೇಲುಳಿಯುತ್ತದೆ. ಆ ಸುರಂಗದಲ್ಲಿಯೂ ಪ್ರೋಟಾನ್ ಗುಂಪುಗಳು ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರುಬದುರಾಗುವುದರಿಂದ ಎಲ್ಲವನ್ನೂ ದಾಖಲಿಸುವುದು ಅಸಾಧ್ಯ. ಎಲೆಕ್ಟ್ರಾನಿಕ್ ಜರಡಿ ಕೆಲವೇ ಸಾವಿರವನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುತ್ತದೆ. ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆಂಬುದನ್ನೂ ಹೇಳಲೇಬೇಕು. ಭಟ್ಟಿಯ ಮರಳು ಮತ್ತೆ ಬಾಣಲೆಗೆ ಬರುತ್ತದೆ, ಅಲ್ಲಿ ಬಿಟ್ಟದ್ದು ಹೋದದ್ದೇ. ಆದ್ದರಿಂದ ಜರಡಿಯ ಕಣ್ಣು ಎಷ್ಟಿರಬೇಕೆಂದು ಮೊದಲೇ ನಿರ್ಧರಿಸುವವರ ಆತಂಕವೇ ಈ ಪ್ರಯೋಗದ ನಿಜವಾದ ಕಥೆ, ಮತ್ತು ಅದು ಓದುಗರಿಗೆ ಅಯಸ್ಕಾಂತಗಳಿಗಿಂತ ಬೇಗ ಹತ್ತಿರವಾಗುತ್ತದೆ.

ನಾನೂ ತಪ್ಪಿದ್ದೇನೆ. 2008ರ ಸೆಪ್ಟೆಂಬರ್‌ನಲ್ಲಿ ಆ ಯಂತ್ರ ಮೊದಲು ಓಡಿದಾಗ, ಭೂಮಿಯನ್ನೇ ನುಂಗುವ ಕಪ್ಪು ಕುಳಿ ಹುಟ್ಟುತ್ತದೆಯಂತೆ ಎಂದು ನೆರೆಮನೆಯ ತಾಯಿಯೊಬ್ಬರು ಹೆದರಿ ಕೇಳಿದರು, ನಾನು ನಕ್ಕುಬಿಟ್ಟೆ. ಅದಕ್ಕಿಂತ ಎಷ್ಟೋ ಹೆಚ್ಚು ಶಕ್ತಿಯ, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಕೋಟ್ಯಂತರ ವರ್ಷಗಳಿಂದ ಭೂಮಿಗೆ ಬಡಿಯುತ್ತಲೇ ಇವೆ, ಆದರೂ ಭೂಮಿ ಇದೆ ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಆಮೇಲೆ ಅವರು ನನ್ನನ್ನು ಏನನ್ನೂ ಕೇಳಲಿಲ್ಲ.

ಹಿಗ್ಸ್ ಕಣಕ್ಕೆ ಪತ್ರಿಕೆಗಳು ಬಳಸುವ 'ದೇವಕಣ' ಎಂಬ ಹೆಸರನ್ನು ನಿನ್ನ ಶೀರ್ಷಿಕೆಯಿಂದ ದಯವಿಟ್ಟು ತೆಗೆದುಬಿಡು. ಅದರ ಜಾಗದಲ್ಲಿ ಕೋಲಾರದ ಚಿನ್ನದ ಗಣಿಯನ್ನು ತಂದರೆ ಚೆನ್ನ. ವಾತಾವರಣದಲ್ಲಿ ಹುಟ್ಟುವ, ಯಾವುದಕ್ಕೂ ಸುಲಭವಾಗಿ ಸಿಕ್ಕಿಬೀಳದ ನ್ಯೂಟ್ರಿನೊ ಎಂಬ ಕಣಗಳ ಕುರುಹನ್ನು 1965ರಲ್ಲಿ ಮೊದಲಿಗೆ ಹಿಡಿದ ಎರಡು ತಂಡಗಳಲ್ಲಿ ಒಂದು ಅಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ಕೆಲಸ ಮಾಡುತ್ತಿತ್ತು. ಅಷ್ಟು ಆಳಕ್ಕೆ ಏಕೆ ಇಳಿದರೆಂದರೆ, ಮೇಲಿನಿಂದ ಸುರಿಯುವ ಇತರ ಕಣಗಳ ಗದ್ದಲವನ್ನು ಬಂಡೆ ತಡೆಯುತ್ತದೆ. ಸಂತೆಯ ದಿನ ಸೊಳ್ಳೆಯ ದನಿ ಕೇಳಬೇಕಾದರೆ ಕದ ಮುಚ್ಚಿಕೊಳ್ಳುವಂತೆ.

ತಿದ್ದಿದ ಕರಡನ್ನು ನನಗೆ ಕಳುಹಿಸಬೇಡ. ಫೋನು ಮಾಡಿ ನಿನ್ನ ದೊಡ್ಡಮ್ಮನಿಗೇ ಓದಿ ಹೇಳು. ರಾತ್ರಿ ಎಂಟರ ಮೇಲೆ ಅವಳಿಗೆ ಬಿಡುವಿರುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ